ಎರಡನೇ ಸಲ ಬೀಳದ ಉಪ್ಪು

ಹೊಳ್ಳರೇ, ಆ ಭಾನುವಾರ ಬೆಳಿಗ್ಗೆ ನಾನು ನಿಮ್ಮ ಸಾಂಬಾರಿನ ರುಚಿ ನೋಡಿರಲಿಲ್ಲ. ಆ ದಿನ ಮಾತ್ರವಲ್ಲ, ಅದಕ್ಕೂ ಹಿಂದಿನ ನಲವತ್ತು ದಿನ ನೋಡಿರಲಿಲ್ಲ. ನೋಡಿದೆ ಎಂದು ನಿಮ್ಮೆದುರು ಹೇಳಿದ್ದು, ಆಮೇಲೆ ಧಣಿಗಳೆದುರು ಹೇಳಿದ್ದು ಎರಡೂ ಸುಳ್ಳು — ಹಸಿ ಸುಳ್ಳು.

ಇಷ್ಟನ್ನು ಬರೆದು ಪೆನ್ನು ಕೆಳಗಿಟ್ಟು ಎದ್ದುಹೋದೆ. ಮತ್ತೆ ಬಂದು ಕೂತಿದ್ದೇನೆ. ಎಲ್ಲವನ್ನೂ ಮೊದಲಿನಿಂದ, ನಿಮಗೆ ಗೊತ್ತಿರುವುದನ್ನೂ ಸೇರಿಸಿಯೇ ಹೇಳುತ್ತೇನೆ. ಇಲ್ಲದಿದ್ದರೆ ಮಧ್ಯದಲ್ಲಿ ಎಲ್ಲಾದರೂ ನುಣುಚಿಕೊಂಡುಬಿಡುತ್ತೇನೆ. ನನ್ನ ಬುದ್ಧಿ ನನಗೆ ಗೊತ್ತಲ್ಲ. ಇಪ್ಪತ್ತಾರು ವರ್ಷ ಮ್ಯಾನೇಜರಾಗಿ ಹೋಟೆಲಿನ ಗಲ್ಲೆಯ ಮೇಲೆ ಕೂತು ಗಿರಾಕಿಗಳನ್ನು ಸಮಾಧಾನ ಮಾಡಿದ ಬಾಯಿ ಇದು. ಮಾತಿನಲ್ಲಿ ಜಾರಿಕೊಳ್ಳುವುದು ನನಗೆ ನೀರು ಕುಡಿದಷ್ಟು ಸುಲಭ.

ಮದ್ರಾಸಿನ ಎಗ್ಮೋರ್ ಸ್ಟೇಷನ್ನಿನ ಹತ್ತಿರದ ನಮ್ಮ ಹೋಟೆಲಿನಲ್ಲಿ ಒಂದು ಪದ್ಧತಿ ಇತ್ತು. ದೊಡ್ಡ ಧಣಿಗಳು, ಅಂದರೆ ಈಗಿನವರ ತಂದೆ, ಹಾಕಿಕೊಟ್ಟದ್ದು. ಅಡುಗೆಯವರು ತಮ್ಮ ಅಡುಗೆಗೆ ತಾವೇ ಸೈ ಎನ್ನಬಾರದು. ಬೆಳಿಗ್ಗೆ ಐದೂವರೆಗೆ ಶಟರ್ ಎತ್ತುವ ಮೊದಲು ಮ್ಯಾನೇಜರು ಒಳಗೆ ಬರಬೇಕು, ಅಡುಗೆಯವರು ಸೌಟಿನಿಂದ ಅವನ ಅಂಗೈಗೆ ಒಂದಿಷ್ಟು ಸಾಂಬಾರು ಬಿಡಬೇಕು, ಅವನು ನೆಕ್ಕಿ ನೋಡಿ ಹೇಳಬೇಕು. ಹೇಳಿದ ಮೇಲೆಯೇ ಬಕೆಟ್ಟುಗಳು ಹೊರಗೆ ಹೋಗಬೇಕು. ಬಿಸಿ ಸಾಂಬಾರು ಬಿದ್ದು ಬಿದ್ದು ನನ್ನ ಅಂಗೈಯ ನಡುವೆ ಚರ್ಮ ದಪ್ಪವಾಗಿಹೋಗಿದೆ. ನೀವು ಸೌಟು ಹಿಡಿದುಕೊಂಡೇ ಕೇಳುತ್ತಿದ್ದಿರಿ, "ಸಮ ಇತ್ತಾ?" ನಾನು, "ಸಮ ಇತ್ತ್." ಇಬ್ಬರೂ ಕುಂದಾಪುರದ ಕಡೆಯವರು, ನಮ್ಮಲ್ಲಿ 'ಇತ್ತ್' ಎಂದರೆ 'ಇದೆ' ಎಂದೇ ಅರ್ಥ. ಸರಿಯಾಗಿದೆ, ಶಟರ್ ಎತ್ತಿ ಎಂದು. ಆ ಎರಡು ಮಾತಿನ ಮೇಲೆ ಹೋಟೆಲು ಬಾಗಿಲು ತೆರೆಯುತ್ತಿತ್ತು.

ನಿಮಗೆ ಆ ಜ್ವರ ಬಂತು. ಊರಿಗೆಲ್ಲ ಬಂದ ಹಾಗೆ ನಿಮಗೂ ಬಂತು, ಹೋಯಿತು, ಹೋಗುವಾಗ ನಿಮ್ಮ ರುಚಿಯನ್ನೂ ವಾಸನೆಯನ್ನೂ ತೆಗೆದುಕೊಂಡು ಹೋಯಿತು. ಎಲ್ಲರಿಗೂ ತಿಂಗಳೊಳಗೆ ವಾಪಸು ಬಂತು, ನಿಮಗೆ ಬರಲಿಲ್ಲ. ಒಂದು ಬೆಳಿಗ್ಗೆ ಗ್ರೈಂಡರಿನ ಸದ್ದಿನ ಮರೆಯಲ್ಲಿ ನನ್ನನ್ನು ಕರೆದು ಹೇಳಿದಿರಿ — "ಹ್ವಾಯ್ ಸುಬ್ಬಣ್ಣ, ನಂಗೆ ನಾಲ್ಗಿ ಸತ್ ಹೋಯ್ತ್. ಉಪ್ಪೂ ಒಂದೇ, ಸಕ್ರೆಯೂ ಒಂದೇ. ಧಣಿಗೆ ಹೇಳ್ಬೇಡಿ. ನೀವ್ ರುಚಿ ಕಂಡ್ ಹೇಳಿ, ನಂಗಷ್ಟೇ ಸಾಕ್." ಅರವತ್ತು ದಾಟಿದ ನೀವು, ಕಣ್ಣಲ್ಲಿ ನೀರು ತುಂಬಿಕೊಂಡು, ನನ್ನಂಥವನ ಹತ್ತಿರ. ನಾನು ನಕ್ಕು, "ಎಂತ ಹೊಳ್ಳರೇ, ನಾನಿಲ್ಯಾ?" ಅಂದೆ.

ನಾನಿಲ್ಯಾ! ಎಷ್ಟು ಸಲೀಸಾಗಿ ಅಂದುಬಿಟ್ಟೆ.

ಆಮೇಲೆ ಒಂದು ವರ್ಷ ನಾನು ಆ ಮಾತನ್ನು ಉಳಿಸಿಕೊಂಡೆ, ಅದನ್ನೂ ಹೇಳಬೇಕು. ಮೊದಲೆಲ್ಲ ನೆಪಕ್ಕೆ ನೆಕ್ಕುತ್ತಿದ್ದವನು ಕಣ್ಣು ಮುಚ್ಚಿ ನೋಡತೊಡಗಿದೆ. ಹುಳಿ ಒಂದು ಗೆರೆ ಮುಂದಿದೆ, ಇಂಗು ಸಾಲದು ಎಂದೆಲ್ಲ ಹೇಳುತ್ತಿದ್ದೆ. ನೀವು ತಲೆಯಾಡಿಸಿ ತಿದ್ದುತ್ತಿದ್ದಿರಿ. ಗಿರಾಕಿಗಳಿಗೆ ಯಾರಿಗೂ ಏನೂ ಗೊತ್ತಾಗಲಿಲ್ಲ.

ಇನ್ನು ನನ್ನ ಹೊಟ್ಟೆಯ ವಿಷಯ. ಗಲ್ಲೆಯ ಡ್ರಾಯರ್ ಎಳೆದರೆ ಹೊಟ್ಟೆಗೆ ತಾಗುತ್ತಿತ್ತು, ನೀವೇ ತಮಾಷೆ ಮಾಡುತ್ತಿದ್ದಿರಿ. ತೂಕ ತೊಂಬತ್ತನಾಲ್ಕು. ಡಾಕ್ಟರು ಬೈದರು, ಹೆಂಡತಿ ಬೈದಳು, ಯಾರ ಬೈಗುಳವೂ ನಾಟಲಿಲ್ಲ. ತಂಗಿಯ ಮಗಳ ಮದುವೆಯ ಫೋಟೋದಲ್ಲಿ ನನ್ನನ್ನೇ ನೋಡಿಕೊಂಡಾಗ ಮಾತ್ರ ಛೇ ಅನ್ನಿಸಿತು. ಮಗಳು ವೈಷ್ಣವಿ ನನ್ನ ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಟ್ಟಳು. ಇಂಟರ್‌ಮಿಟೆಂಟ್ ಫಾಸ್ಟಿಂಗ್. "ಅಪ್ಪಾ, ಸಿಂಪಲ್. ಹದಿನಾರು ಗಂಟೆ ಒಣ್ಣುಮೇ ತಿನ್ನಬಾರದು, ಎಂಟು ಗಂಟೆ ಒಳಗೆ ಊಟ ಮುಗಿಸಬೇಕು, ಅವ್ವಳವುದಾನ್," ಅಂದಳು ಅರ್ಧ ತಮಿಳಿನಲ್ಲಿ, ಇಷ್ಟೇ ಎಂದು. ರಾತ್ರಿ ಎಂಟಕ್ಕೆ ಬಾಯಿ ಮುಚ್ಚಿದರೆ ಮರುದಿನ ಮಧ್ಯಾಹ್ನ ಹನ್ನೆರಡರವರೆಗೆ ನೀರು, ಹಾಲುಸಕ್ಕರೆ ಇಲ್ಲದ ಕಾಫಿ — ಅಷ್ಟೇ. ಏಕಾದಶಿಯ ದಿನವೂ ಅವಲಕ್ಕಿ ಎಲ್ಲಿದೆ ಎಂದು ಡಬ್ಬ ತಡಕುತ್ತಿದ್ದವನು ನಾನು. ನನ್ನಿಂದ ಆಗುತ್ತದೆ ಎಂದು ಮನೆಯಲ್ಲಿ ಯಾರೂ ನಂಬಿರಲಿಲ್ಲ. ಅದಕ್ಕೇ ಹಟ ಹಿಡಿಯಿತೋ ಏನೋ.

ಆ ಆ್ಯಪಿನಲ್ಲಿ ಒಂದು ಬಳೆಯಂಥ ಚಿತ್ರ. ಹದಿನಾರು ಗಂಟೆ ಕಳೆದರೆ ಬಳೆ ತುಂಬಿ ಹಸಿರಾಗುತ್ತದೆ, ದಿನಗಳ ಸಂಖ್ಯೆ ಒಂದು ಏರುತ್ತದೆ. ನಡುವೆ ಏನಾದರೂ ತಿಂದೆ ಎಂದು ಒತ್ತಿದರೆ ಎಲ್ಲ ಅಳಿಸಿ ಸೊನ್ನೆ. ಬೆಳಿಗ್ಗೆ ಐದೂವರೆಯ ನಿಮ್ಮ ಸಾಂಬಾರು ನನ್ನ ಹದಿನಾರು ಗಂಟೆಯ ನಟ್ಟನಡುವೆ ಬರುತ್ತಿತ್ತು. ಮೊದಲು ಎರಡು ವಾರ ನೆಕ್ಕಿ, ಹೊರಗೆ ಹೋಗಿ ಉಗುಳಿ, ಬಾಯಿ ಮುಕ್ಕಳಿಸಿ ಬರುತ್ತಿದ್ದೆ. ಆದರೆ ಖಾಲಿ ಹೊಟ್ಟೆಗೆ ಆ ಒಂದು ಹನಿ ಸಾಂಬಾರಿನ ರುಚಿ ತಗಲಿದರೆ ಏನಾಗುತ್ತದೆ, ಗೊತ್ತಾ ಹೊಳ್ಳರೇ? ಕರುಳು ಕಿತ್ತುಬರುತ್ತದೆ. ಒಂದು ದಿನ ತಡೆಯಲಾರದೆ ಇಡ್ಲಿ ಪಾತ್ರೆಯಿಂದ ಎರಡು ಇಡ್ಲಿ ತೆಗೆದು ನಿಂತಲ್ಲೇ ನುಂಗಿದೆ. ಹದಿನೈದು ದಿನ ಇದ್ದದ್ದು ಸೊನ್ನೆಯಾಯಿತು. ಮೈಯೆಲ್ಲ ಉರಿಯಿತು. ಮರುದಿನದಿಂದ ನಾನು ಅಂಗೈಯನ್ನು ತುಟಿಯ ಹತ್ತಿರ ತರುತ್ತಿದ್ದೆ, ತಾಗಿಸುತ್ತಿರಲಿಲ್ಲ. ಚಪ್ಪರಿಸಿದ ಹಾಗೆ ಸದ್ದು ಮಾಡಿ, ಹೆಗಲ ಮೇಲಿನ ಟವೆಲಿಗೆ ಕೈ ಒರೆಸಿಕೊಂಡು, "ಸಮ ಇತ್ತ್" ಎನ್ನುತ್ತಿದ್ದೆ. ಟವೆಲುಗಳಿಗೆಲ್ಲ ಅರಸಿನದ ಕಲೆ ಯಾಕೆ ಎಂದು ಹೆಂಡತಿ ಕೇಳಿದಳು. ಅವಳಿಗೂ ಏನೋ ಒಂದು ಹೇಳಿದೆ.

ನಿಮಗೆ ಹೇಳಬಹುದಿತ್ತು. "ಹೊಳ್ಳರೇ, ನಾನು ಬೆಳಿಗ್ಗೆ ಬಾಯಿಗೆ ಏನೂ ಹಾಕುವುದಿಲ್ಲ, ಸಪ್ಲೈಯರ್ ಹತ್ತಿರ ರುಚಿ ನೋಡಿಸಿ" — ಮುಗಿಯಿತಲ್ಲ, ಒಂದು ಮಾತು. ಹೇಳಲಿಲ್ಲ. ಹೋಟೆಲಿನ ಮ್ಯಾನೇಜರು ಹಸಿದುಕೊಂಡಿರುತ್ತಾನೆ ಎಂದರೆ ನಗುತ್ತಾರೆ ಎಂಬ ನಾಚಿಕೆ ಒಂದು ಕಡೆ. ಇನ್ನೊಂದು ಕಡೆ — ಇದನ್ನು ಬರೆಯಲು ಕೈ ಏಳುತ್ತಿಲ್ಲ — ನಿಮಗೆ ಕೊಟ್ಟ ಮಾತು ನನಗೆ ಭಾರವಾಗಿತ್ತು, ಆದರೆ ಆ ಮಾತಿನಿಂದ ಬರುವ ದೊಡ್ಡಸ್ತಿಕೆ ಬೇಕಾಗಿತ್ತು. ಹೊಳ್ಳರ ನಾಲಿಗೆ ನಾನು ಎಂದು ಒಳಗೊಳಗೇ ಬೀಗುತ್ತಿದ್ದೆ. ಪ್ಯಾಂಟು ಸಡಿಲವಾಗುತ್ತಾ ಬಂತು. ರೈಲಿಳಿದು ಬರುವ ಹಳೆಯ ಗಿರಾಕಿಗಳು, "ಎನ್ನ ಸಾರ್, ಇಳಚ್ಚಿಟ್ಟೀಂಗಳೇ!" ಸಣ್ಣಗಾಗಿಬಿಟ್ಟಿರಲ್ಲ ಎಂದು ಹುಬ್ಬೇರಿಸುತ್ತಿದ್ದರು. ಆ ಸುಖದಲ್ಲಿ ನೀವು ನನಗೆ ಕಾಣಿಸಲೇ ಇಲ್ಲ.

ಈಗ ಆ ಭಾನುವಾರ. ಇದನ್ನು ನಿಧಾನವಾಗಿ ಕೇಳಿ.

ನಾನು ಒಳಗೆ ಬಂದಾಗ ಸಾಂಬಾರು ಇಳಿಸಿ ಆಗಿತ್ತು. ಒಗ್ಗರಣೆ ಬಿದ್ದಿತ್ತು, ಕೊತ್ತಂಬರಿ ಸೊಪ್ಪೂ ಬಿದ್ದಿತ್ತು. ನೀವು ಅಂಗೈಗೆ ಬಿಟ್ಟಿರಿ, ನಾನು ನಾಟಕ ಮಾಡಿದೆ, "ಸಮ ಇತ್ತ್" ಅಂದೆ. ಕೂಡಲೇ ಸಪ್ಲೈಯರುಗಳು ನನ್ನ ಕಣ್ಣೆದುರೇ ಎರಡು ಬಕೆಟ್ಟು ತುಂಬಿಸಿಕೊಂಡು ಹೋದರು. ಪಾತ್ರೆಗೆ ಮುಚ್ಚಳ ಬಿತ್ತು. ನೀವು ಕೈ ತೊಳೆದು ಬಂದು ಅಕ್ಕಿ ಮೂಟೆಯ ಮೇಲೆ ಕೂತು ಕಾಫಿ ಕುಡಿದಿರಿ. ನಾನು ಎದುರಿಗೆ ಸ್ಟೂಲಿನ ಮೇಲೆ ನನ್ನ ಕಹಿ ಕಾಫಿ ಹಿಡಿದು ಕೂತಿದ್ದೆ. ಮೊಮ್ಮಗಳು ಸ್ಕೂಲಿನಲ್ಲಿ ತಮಿಳು ಪದ್ಯ ಹೇಳಿ ಬಹುಮಾನ ತಂದದ್ದನ್ನು ಹೇಳಿದಿರಿ, ಅವಳ ಧ್ವನಿ ಅನುಕರಿಸಿ ಹೇಳಿ ನೀವೇ ನಕ್ಕಿರಿ. ನೀವು ಆ ಮೂಟೆಯಿಂದ ಏಳಲಿಲ್ಲ. ಎದ್ದದ್ದು ಹೊರಗೆ ಗಲಾಟೆ ಕೇಳಿಸಿದ ಮೇಲೆಯೇ.

ಮೊದಲು ಒಬ್ಬ ಹೆಂಗಸು ಮಗುವಿಗೆ ತಿನ್ನಿಸಿದ ತುತ್ತನ್ನು ಉಗುಳಿಸಿದಳು. ಆಮೇಲೆ ಮೂಲೆಯ ಟೇಬಲ್ಲು, ಆಮೇಲೆ ಎಲ್ಲ ಟೇಬಲ್ಲೂ. ದಿನಾ ಬರುವ ರಿಟೈರ್ಡ್ ಮೇಷ್ಟ್ರು ಒಬ್ಬರು ತಟ್ಟೆಯನ್ನು ಹಿಡಿದುಕೊಂಡೇ ಗಲ್ಲೆಗೆ ಬಂದು, "ಎನ್ನಪ್ಪಾ ಇದು, ಸಾಂಬಾರಾ, ಕಡಲ್ ತಣ್ಣಿಯಾ?" ಸಮುದ್ರದ ನೀರಾ ಎಂದು ಕೂಗಾಡಿದರು. ಯಾರೋ ಫೋನು ಎತ್ತಿ ವಿಡಿಯೋ ಮಾಡಿದರು. ಧಣಿಗಳು ಓಡಿ ಬಂದರು. ನಮ್ಮಿಬ್ಬರನ್ನೂ ಅಡುಗೆಮನೆಗೆ ಕರೆದು ನಿಲ್ಲಿಸಿದರು.

"ಸುಬ್ಬಣ್ಣ, ಸೊಲ್ಲುಂಗೊ. ಬೆಳಿಗ್ಗೆ ಟೇಸ್ಟ್ ನೋಡಿದ್ರಾ, ಇಲ್ವಾ?"

ನೀವು ನನ್ನ ಕಡೆ ನೋಡಿದಿರಿ. ನಿಮಗೆ ನನ್ನ ಮೇಲೆ ಸಂಶಯ ಇರಲಿಲ್ಲ, ಪಾಪ, ಧೈರ್ಯವೇ ಇತ್ತು ಆ ನೋಟದಲ್ಲಿ. ಭಯಕ್ಕೆ, ಅಭ್ಯಾಸಕ್ಕೆ, ದಿನವೂ ಹೇಳುವುದೇ ಬಾಯಿಗೆ ಬಂತು — "ನೋಡಿದೆ. ಸಮ ಇತ್ತ್."

ನೀವು ತಬ್ಬಿಬ್ಬಾದಿರಿ. ಇಷ್ಟು ಗಲಾಟೆಯಾಗುತ್ತಿರುವಾಗ ಸರಿ ಇದೆ ಅನ್ನುತ್ತಾನಲ್ಲ ಎಂದು. ಆದರೆ ಧಣಿಗಳ ಕನ್ನಡ ಬೇರೆ. ಅವರು ಹುಟ್ಟಿ ಬೆಳೆದದ್ದು ಇಲ್ಲೇ, ಕನ್ನಡ ಬಂದದ್ದು ಮೈಸೂರಿನ ತಾಯಿಯಿಂದ. ಅವರ ಕಿವಿಗೆ ನನ್ನ ಮಾತು 'ಆಗ ಸರಿ ಇತ್ತು' ಎಂದು ಕೇಳಿಸಿತು.

"ಆಗ ಸರಿ ಇತ್ತಾ? ಅಪ್ಪೊ ಆಮೇಲೆ ತಾನೇ ಉಪ್ಪು ಬಿದ್ದಿರೋದು?" ಅವರು ನಿಮ್ಮ ಕಡೆ ತಿರುಗಿದರು. "ಹೊಳ್ಳರೇ, ಮರೆತುಹೋಗಿ ಇನ್ನೊಂದು ಸಲ ಹಾಕಿಬಿಟ್ರಾ?"

ಹಾಗಲ್ಲ ಧಣಿ, ನಮ್ಮೂರಿನ 'ಇತ್ತ್' ಬೇರೆ — ಎಂದು ಅಷ್ಟು ಹೇಳಿದ್ದರೂ ಸಾಕಿತ್ತು. ಮುಂದಿನದು ತಾನಾಗಿ ಹೊರಗೆ ಬರುತ್ತಿತ್ತು. ಅವರೇ ತಪ್ಪು ತಿಳಿದುಕೊಂಡು ನನಗೊಂದು ದಾರಿ ಬಿಟ್ಟುಕೊಟ್ಟರು, ನಾನು ತಲೆ ತಗ್ಗಿಸಿಕೊಂಡು ಆ ದಾರಿಯಲ್ಲಿ ಹೊರಟುಬಿಟ್ಟೆ. ನೀವು ನಿಮ್ಮ ಬಲಗೈಯನ್ನು ಎತ್ತಿ, ತಿರುಗಿಸಿ, ಅಂಗೈ ನೋಡಿಕೊಂಡಿರಿ.

"ಹಾಕಿದ್ನೋ ಏನೋ ಧಣಿ... ನಂಗೆ ನೆನಪಾತಿಲ್ಲೆ."

ಇನ್ನೂ ಒಂದಿದೆ. ಇದನ್ನು ಬಿಟ್ಟುಬಿಡೋಣ ಎಂದು ಎರಡು ಸಲ ಯೋಚಿಸಿದೆ. ಆ ಸಾಂಬಾರನ್ನು ನಾನು ಕೊನೆಗೂ ಬಾಯಿಗೆ ಹಾಕಿದೆ. ಯಾವಾಗ? ಮಧ್ಯಾಹ್ನ ಹನ್ನೆರಡು ಹೊಡೆದ ಮೇಲೆ. ನಿಮ್ಮ ಮಾನ ಹೋಗಿ ಐದಾರು ಗಂಟೆಯಾಗಿತ್ತು, ನಾನು ಗಡಿಯಾರ ನೋಡಿಕೊಂಡು ಕಾದೆ. ಬಳೆ ಹಸಿರಾಯಿತು, ನಲವತ್ತೊಂದು ಎಂದು ತೋರಿಸಿತು, ಪರದೆಯ ಮೇಲೆ ಬಣ್ಣದ ಚೂರುಗಳು ಉದುರಿದವು. ಆಮೇಲೆ ಹೋಗಿ ಪಾತ್ರೆಯ ತಳದಲ್ಲಿ ಉಳಿದಿದ್ದನ್ನು ಬೆರಳಿನಿಂದ ನೆಕ್ಕಿದೆ. ಗಂಟಲು ಸುಡುವಷ್ಟು ಉಪ್ಪು. ನಾಲಿಗೆಗೆ ಸೋಕಿಸಿದ್ದರೆ ಸಾಕಿತ್ತು ಬೆಳಿಗ್ಗೆ. ಮಗುವಿಗೂ ಗೊತ್ತಾಗುವಂಥದ್ದು.

ಧಣಿಗಳು ನಿಮ್ಮನ್ನು ತೆಗೆಯಲಿಲ್ಲ, ಒಳ್ಳೆಯವರು. ಒಂದು ವಾರ ರಜೆ ತೆಗೆದುಕೊಳ್ಳಿ, ವಯಸ್ಸಾಯಿತು, ಹೀಗಾಗುತ್ತದೆ ಎಂದರು. ಹೋಟೆಲು ಬಿಟ್ಟದ್ದು ನೀವೇ. ವಾರದ ಮೇಲೆ ಬಂದು, ಒಲೆಯ ಮುಂದೆ ಸ್ವಲ್ಪ ಹೊತ್ತು ನಿಂತು, ನನ್ನ ಹತ್ತಿರ ಬಂದಿರಿ. "ಸುಬ್ಬಣ್ಣ, ನಾಲ್ಗಿ ಹೋದಾಗ ನಾನ್ ಹೆದರ್ಲಿಲ್ಲೆ, ನೀವಿದ್ರಿ. ಈಗ ತಲೆಯೂ ಹೋಯ್ತ್ ಕಾಣಿ. ಕೈ ಎಂತ ಮಾಡ್ತ್ ಅಂತ್ಲೇ ನಂಗೆ ಗೊತ್ತಾತಿಲ್ಲೆ. ಇನ್ನ್ ಜನರಿಗೆ ಬೇಯ್ಸಿ ಹಾಕೂದ್ ಬ್ಯಾಡ." ನಾನು ಏನು ಹೇಳಿದೆ? "ರೆಸ್ಟ್ ತಕಣಿ ಹೊಳ್ಳರೇ," ಅಂದೆ. ನಿಮ್ಮ ಚೀಲವನ್ನು ಆಟೋದವರೆಗೆ ಹೊತ್ತು ತಂದುಕೊಟ್ಟೆ. ಎಷ್ಟು ಒಳ್ಳೆಯವನು ನೋಡಿ ನಾನು!

ಆರು ತಿಂಗಳ ಮೇಲೆ ಕ್ರೋಂಪೇಟೆಗೆ ನಿಮ್ಮ ಮಗಳು ಸುಮಾಳ ಮನೆಗೆ ಬಂದೆ. ಹೇಳಿಬಿಡಬೇಕು ಎಂದೇ ಬಂದದ್ದು. ನೀವು ನಿದ್ದೆಯಲ್ಲಿದ್ದಿರಿ. ಸುಮಾ ಕಾಫಿ ಕೊಡುತ್ತಾ ಹೇಳಿದಳು: "ಅಪ್ಪ ಅಡುಗೆಮನೆ ಪಕ್ಕಮೇ ಬರೋದಿಲ್ಲ ಮಾಮ. ಉಪ್ಪು ಡಬ್ಬ ತೊಡಮಾಟ್ಟಾರ್, ಮುಟ್ಟೋದೇ ಇಲ್ಲ. ಗ್ಯಾಸ್ ಆಫ್ ಮಾಡಿದ್ಯಾ ಅಂತ ನಾಲ್ಕು ಸಲ ಕೇಳ್ತಾರೆ. ಒಂದು ನೋಟ್‌ಬುಕ್ ಇಟ್ಕೊಂಡು ಬಾಗಿಲು ಹಾಕಿದೆ, ಮಾತ್ರೆ ತಗೊಂಡೆ ಅಂತ ಬರೀತಾರೆ. ಡಾಕ್ಟರ್ ಎಲ್ಲಾ ಟೆಸ್ಟ್ ಮಾಡಿ ಮೆಮರಿ ನಲ್ಲಾ ಇರುಕ್ಕು, ಏನೂ ತೊಂದರೆ ಇಲ್ಲ ಅಂದ್ರು. ಇವರು ನಂಬೋದೇ ಇಲ್ಲ." ನೀವು ಎದ್ದು ಬಂದಿರಿ. ನನ್ನನ್ನು ನೋಡಿ ಮುಖ ಅರಳಿತು. ಒಬ್ಬನೇ ಸ್ಟೇಷನ್ನಿನ ಕಡೆ ನಡೆದು ಹೋಗುವುದನ್ನೂ ಬಿಟ್ಟಿದ್ದೇನೆ, ದಾರಿ ಮರೆತರೆ ಎಂತ ಮಾಡುವುದು ಎಂದಿರಿ. ನಲವತ್ತು ವರ್ಷ ಮದ್ರಾಸಿನ ಗಲ್ಲಿಗಲ್ಲಿ ತಿರುಗಿದ ಮನುಷ್ಯ! ನಾನು ನಿಮ್ಮ ಮೊಮ್ಮಗಳಿಗೆ ಚಾಕೊಲೇಟು ಕೊಟ್ಟು ಎದ್ದು ಬಂದೆ.

ಆಮೇಲೆ ನಿಮ್ಮ ಫೋನುಗಳು. ಎರಡು ತಿಂಗಳಿಗೊಮ್ಮೆ ಬರುತ್ತದೆ. ಯೋಗಕ್ಷೇಮ ಕೇಳಿ, ಅದೇ ಪ್ರಶ್ನೆ — "ಹ್ವಾಯ್, ಆ ದಿನ ನೀವ್ ರುಚಿ ಕಂಡ ಮೇಲೆ ನಾನ್ ಎಲ್ಲಿಗ್ ಹೋದೆ? ಉಪ್ಪಿನ ಡಬ್ಬಿ ಹತ್ರ ಹೋದ್ದ್ ಕಂಡ್ರ್ಯಾ? ಕೈಯಂಗ್ ಎಂತ ಇದ್ದಿತ್?" ದಿನವೂ ಒಂದೇ ತರಹದ ಬೆಳಗು, ಅದೇ ಮೂಟೆ, ಅದೇ ಕಾಫಿ. ಆ ಒಂದು ದಿನದ ನೆನಪು ನಿಮ್ಮಲ್ಲಿ ಬೇರೆಯಾಗಿ ನಿಂತಿಲ್ಲ. ನಾನು ಪ್ರತಿ ಸಲ, "ಗಮನಿಸಲಿಲ್ಲ ಹೊಳ್ಳರೇ" ಅನ್ನುತ್ತೇನೆ. ಮೊನ್ನೆ ಫೋನು ಮಾಡಿದಾಗ ನಿಮ್ಮ ಧ್ವನಿ ಬಹಳ ಇಳಿದಿತ್ತು. ಇಟ್ಟ ಮೇಲೆ ನನಗೆ ಊಟ ಸೇರಲಿಲ್ಲ. ಅಂದಹಾಗೆ, ಉಪವಾಸ ಬಿಟ್ಟು ಬಹಳ ದಿನವಾಯಿತು. ಇಳಿದ ಹನ್ನೊಂದು ಕಿಲೋ ಬಡ್ಡಿ ಸಮೇತ ವಾಪಸು ಬಂದು ಕೂತಿದೆ.

ಹೊಳ್ಳರೇ, ನಿಮ್ಮ ಪ್ರಶ್ನೆಗೆ ಉತ್ತರ ಇದು. ನೀವು ಎಲ್ಲಿಗೂ ಹೋಗಲಿಲ್ಲ. ಉಪ್ಪಿನ ಡಬ್ಬಿಯ ಕಡೆ ಮುಖವನ್ನೂ ಮಾಡಲಿಲ್ಲ. ನನ್ನೆದುರು ಕೂತು ಕಾಫಿ ಕುಡಿದಿರಿ. ನಿಮ್ಮ ಕೈಯಲ್ಲಿ ಇದ್ದದ್ದು ಲೋಟ. ಎರಡನೇ ಸಲ ಉಪ್ಪು ಬೀಳಲೇ ಇಲ್ಲ. ನೀವು ಇಷ್ಟು ಕಾಲದಿಂದ ತಲೆಯೊಳಗೆ ಹುಡುಕುತ್ತಿರುವುದು ನಡೆಯದೇ ಇದ್ದ ಸಂಗತಿಯನ್ನು, ಅದು ಎಲ್ಲಿ ಸಿಗುತ್ತದೆ? ಬಿದ್ದದ್ದು ನಾನು ಬರುವ ಮೊದಲೇ, ಹಾಕುವಾಗಲೇ ಒಂದು ಹಿಡಿ ಹೆಚ್ಚು ಬಿದ್ದಿರಬೇಕು. ಒಂದು ದಿನ ಕೈ ತಪ್ಪಿತು. ಯಾರ ಕೈ ತಪ್ಪುವುದಿಲ್ಲ? ಅದಕ್ಕೆಂದೇ ದೊಡ್ಡ ಧಣಿಗಳು ಇನ್ನೊಬ್ಬನನ್ನು ನಿಲ್ಲಿಸಿದ್ದು. ಆ ಇನ್ನೊಬ್ಬ ತಪ್ಪಿದ.

ಮತ್ತೆ ಆ ಹಿಂದಿನ ನಲವತ್ತು ದಿನ. ನಿಮ್ಮ ನಾಲಿಗೆ ಸತ್ತಿತ್ತು, ನನ್ನದು ಉಪವಾಸ ಕೂತಿತ್ತು. ಹೋಟೆಲಿನಲ್ಲಿ ಯಾರೊಬ್ಬರೂ ರುಚಿ ನೋಡದೆ ಆ ಸಾಂಬಾರು ಹೊರಗೆ ಹೋಯಿತು. ಒಂದು ದಿನವೂ ಒಬ್ಬ ಗಿರಾಕಿಯೂ ತುಟಿ ಬಿಚ್ಚಲಿಲ್ಲ. ಇನ್ನೊಂದು ಬಟ್ಟಲು ಬೇಕು ಎಂದು ಕೇಳಿ ಕುಡಿದರು. ಅಷ್ಟು ದಿನ ಅದನ್ನು ಸರಿಯಾಗಿ ಮಾಡಿದ್ದು ನಿಮ್ಮ ಕೈ ಒಂದೇ, ಅದಕ್ಕೆ ಯಾರ ನಾಲಿಗೆಯೂ ಬೇಕಾಗಿರಲಿಲ್ಲ. ಇದು ನನಗೊಬ್ಬನಿಗೇ ಗೊತ್ತಿತ್ತು. ಸುಳ್ಳು ಹೇಳಿದ್ದಕ್ಕಿಂತ ಇದನ್ನು ನಿಮ್ಮಿಂದ ಮುಚ್ಚಿಟ್ಟದ್ದು ದೊಡ್ಡ ಪಾಪ ಎಂದು ಈಗ ಅನ್ನಿಸುತ್ತದೆ. ನಿಮ್ಮ ಕೈಯ ಬಗ್ಗೆ ನೀವು ಎದೆಯುಬ್ಬಿಸಿ ಹೇಳಿಕೊಳ್ಳಬೇಕಾದದ್ದನ್ನು ನಾನು ಇಟ್ಟುಕೊಂಡು, ನಾಚಿಕೆಯನ್ನು ಮಾತ್ರ ನಿಮಗೆ ಕೊಟ್ಟು ಕಳಿಸಿದೆ.

ಇದನ್ನು ಅಂಚೆಗೆ ಹಾಕಿ ಕೈತೊಳೆದುಕೊಳ್ಳೋಣ ಎಂದುಕೊಂಡಿದ್ದೆ. ಆದರೆ ಓದುವವರು ಯಾರು? ನಿಮಗೆ ಈಗ ಕಣ್ಣು ಮಂಜು. ಸುಮಾ ಓದಿದ್ದು ತಮಿಳು, ಅವಳಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬಾರದು. ಮೊಮ್ಮಗಳಿಗೆ ಕನ್ನಡದ ಮಾತೂ ಇಲ್ಲ, ಅಕ್ಷರವೂ ಇಲ್ಲ. ಹಾಗಾಗಿ ನಾನೇ ಓದಬೇಕು. ನಾಳೆ ಬೆಳಿಗ್ಗೆ ಎಗ್ಮೋರಿನಿಂದ ಲೋಕಲ್ ಹತ್ತಿ ಬರುತ್ತೇನೆ. ಸುಮಾಳನ್ನೂ ಕೂರಿಸಿಕೊಂಡು ಓದುತ್ತೇನೆ, ಅವಳಿಗೆ ಅರ್ಥವಾಗದ ಕಡೆ ತಮಿಳಿನಲ್ಲಿ ಹೇಳುತ್ತೇನೆ. ಅಲ್ಲಿಂದ ನೇರ ಧಣಿಗಳ ಹತ್ತಿರ ಹೋಗುತ್ತೇನೆ. ಅವರು ಏನು ಮಾಡುತ್ತಾರೋ ಮಾಡಲಿ.

ನೀವು ಬೈದರೆ ನಿಂತು ಕೇಳುತ್ತೇನೆ. ಏನೂ ಹೇಳದೆ ಒಳಗೆ ಎದ್ದು ಹೋದರೆ ಚಪ್ಪಲಿ ಮೆಟ್ಟಿಕೊಂಡು ವಾಪಸು ಬರುತ್ತೇನೆ. ಆದರೆ ನಿಮ್ಮ ಸ್ವಭಾವ ನನಗೆ ಗೊತ್ತು, ಅದಕ್ಕೇ ಹೆದರಿಕೆ. ದಯವಿಟ್ಟು ನನ್ನ ಕೈ ಹಿಡಿದುಕೊಂಡು, "ಹ್ವಾಯ್, ಹೋಯ್ಲಿ ಬಿಡಿ" ಎಂದು ಮಾತ್ರ ಹೇಳಬೇಡಿ.